ಮನೆಯ ಗಣಕಯಂತ್ರದಲ್ಲಿ ಬ್ರೌಸರ್ ತೊಂದರೆ ಕೊಟ್ಟಾಗ

ಗಡಿಯಾಚೆಯ ಕನ್ನಡ ಶಾಲೆಗಳ ಶಿಕ್ಷಕರಿಗೆ ಮನೆಯ ಗಣಕಯಂತ್ರವು ಕೇವಲ ಅನುಕೂಲದ ವಸ್ತುವಲ್ಲ. ಕೇರಳದ ಕನ್ನಡ ಮಾಧ್ಯಮದ ಪಠ್ಯವಾಗಲಿ, ಮಹಾರಾಷ್ಟ್ರದಲ್ಲಿ ಬಾಲಭಾರತಿ ಪ್ರಕಟಿಸುವ ಕನ್ನಡ ಪುಸ್ತಕವಾಗಲಿ ಪೇಟೆಯ ಅಂಗಡಿಯಲ್ಲಿ ಕೇಳಿದೊಡನೆ ಸಿಗುವಂಥದ್ದಲ್ಲ. ಬಹುಮಟ್ಟಿಗೆ ಅಂತರ್ಜಾಲದಿಂದಲೇ ಇಳಿಸಿಕೊಳ್ಳಬೇಕು. ಪ್ರಶ್ನೆಪತ್ರಿಕೆ, ಅಭ್ಯಾಸಹಾಳೆ, ಪದಪಟ್ಟಿಗಳನ್ನು ಶಿಕ್ಷಕರೇ ಬೆರಳಚ್ಚು ಮಾಡಿ ವರ್ಷಗಟ್ಟಲೆ ಕೂಡಿಟ್ಟಿರುತ್ತಾರೆ. ಬ್ರೌಸರ್ ನಿಧಾನವಾಯಿತೆಂದು ಆ ಯಂತ್ರವನ್ನು ರಿಪೇರಿ ಅಂಗಡಿಗೆ ಒಯ್ದರೆ, ಎಷ್ಟೋ ಕಡೆ ಬರುವ ಮೊದಲ ಸಲಹೆ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬುದು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ, ಹತ್ತು ವರ್ಷದ ಕನ್ನಡ ಕಡತಗಳು ಒಂದೇ ಮಧ್ಯಾಹ್ನದಲ್ಲಿ ಅಳಿಸಿಹೋಗುತ್ತವೆ. ಅವುಗಳ ಎರಡನೆಯ ಪ್ರತಿ ಬೇರೆಲ್ಲಿಯೂ ಇರುವುದಿಲ್ಲ. ಆದುದರಿಂದ ದೋಷವನ್ನು ಹುಡುಕುವಾಗ ಏನನ್ನೂ ಅಳಿಸದ ಪರೀಕ್ಷೆಗಳಿಂದ ಆರಂಭಿಸಿ, ಅಳಿಸುವ ಉಪಾಯಗಳನ್ನು ಕಡೆಗೆ ಇಟ್ಟುಕೊಳ್ಳುವುದು ಯುಕ್ತ.

ಮೊದಲು ತಿಳಿಯಬೇಕಾದದ್ದು ದೋಷವಿರುವ ಜಾಗ. ಅದೇ ವೈಫೈಗೆ ಸೇರಿದ ಮೊಬೈಲಿನಲ್ಲಿಯೂ ಎಲ್ಲ ತಾಣಗಳು ತೆವಳುತ್ತಿದ್ದರೆ ತೊಂದರೆ ಸಂಪರ್ಕದಲ್ಲಿದೆ. ರೌಟರನ್ನು ಅರ್ಧ ನಿಮಿಷ ಆರಿಸಿ ಮತ್ತೆ ಹಚ್ಚಿ ನೋಡಬೇಕು. ಒಂದೇ ತಾಣ ಎಲ್ಲೆಡೆಯೂ ನಿಧಾನವಾಗಿದ್ದರೆ ದೋಷ ಆ ತಾಣದ್ದು. ಅಂಕಗಳನ್ನು ದಾಖಲಿಸುವ ಕೊನೆಯ ಸಂಜೆ ಶಾಲೆಗಳೆಲ್ಲ ಒಮ್ಮೆಲೇ ಒಂದು ಬಾಗಿಲಿಗೆ ಮುಗಿಬಿದ್ದರೆ ಯಾವ ಬ್ರೌಸರೂ ಏನೂ ಮಾಡಲಾರದು. ಬೆಳಗಿನ ಐದು ಗಂಟೆಯ ಹೊತ್ತು ಅಂಥ ಕೆಲಸಕ್ಕೆ ಪ್ರಶಸ್ತ. ಇನ್ನು, ಕ್ರೋಮ್‌ನಲ್ಲಿ ತೊಡಕಾಗುವ ತಾಣ ಅದೇ ಯಂತ್ರದ ಫೈರ್‌ಫಾಕ್ಸ್‌ನಲ್ಲಿ ಸಲೀಸಾಗಿ ತೆರೆದರೆ ದೋಷ ಬ್ರೌಸರಿನದೇ ಎಂದು ತಿಳಿಯಬಹುದು. ಎರಡೂ ಬ್ರೌಸರುಗಳು ನಿಧಾನವಾಗಿ, ಜೊತೆಗೆ ಬೆರಳಚ್ಚಿನ ತಂತ್ರಾಂಶವೂ ಏದುಸಿರು ಬಿಡುತ್ತಿದ್ದರೆ ಯಂತ್ರದ ಸ್ಮೃತಿಯನ್ನೋ ತುಂಬಿಹೋದ ಡಿಸ್ಕನ್ನೋ ಗಮನಿಸಬೇಕು.

ಸ್ಮೃತಿಯ ವಿಷಯ ಸರಳ. ಇಂದಿನ ಬ್ರೌಸರುಗಳು ತೆರೆದ ಟ್ಯಾಬುಗಳನ್ನು ಬಹುಮಟ್ಟಿಗೆ ಪ್ರತ್ಯೇಕ ಕಾರ್ಯಗಳಾಗಿ ನಡೆಸುತ್ತವೆ. ಒಂದು ಟ್ಯಾಬು ಕುಸಿದರೆ ಉಳಿದವು ಬೀಳಬಾರದೆಂಬುದು ಇದರ ಒಂದು ಉದ್ದೇಶ. ಅದಕ್ಕೆ ತೆರುವ ಬೆಲೆಯೇ ಸ್ಮೃತಿ. 4 ಜಿಬಿ ಸ್ಮೃತಿಯ ಯಂತ್ರದಲ್ಲಿ ಇಪ್ಪತ್ತು ಟ್ಯಾಬು ತೆರೆದಿಟ್ಟು ವೇಗವನ್ನು ನಿರೀಕ್ಷಿಸುವುದು ಸಲ್ಲದು. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಾವ ಟ್ಯಾಬು ಎಷ್ಟು ಸ್ಮೃತಿಯನ್ನು ನುಂಗುತ್ತಿದೆ ಎಂಬ ಪಟ್ಟಿ ಕಾಣಿಸುತ್ತದೆ. ಹೆಚ್ಚು ನುಂಗುವುದನ್ನು ಅಲ್ಲಿಂದಲೇ ಮುಚ್ಚಬಹುದು.

ಬ್ರೌಸರಿನೊಳಗಿನ ದೋಷವನ್ನು ಪತ್ತೆ ಹಚ್ಚಲು ಖಾಸಗಿ ಕಿಟಕಿಯೊಂದು ಒಳ್ಳೆಯ ಸಾಧನ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎನ್ ಕೀಲಿಗಳನ್ನು ಒತ್ತಿದರೆ ಅದು ತೆರೆದುಕೊಳ್ಳುತ್ತದೆ. ನಾವಾಗಿ ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಶನ್‌ಗಳು ಅಲ್ಲಿ ಕೆಲಸ ಮಾಡುವುದಿಲ್ಲ; ಹಳೆಯ ಕುಕಿಗಳೂ ಅಲ್ಲಿಗೆ ಬರುವುದಿಲ್ಲ. ಮೊಂಡುತನ ಮಾಡುತ್ತಿದ್ದ ತಾಣ ಆ ಕಿಟಕಿಯಲ್ಲಿ ಸರಿಯಾಗಿ ನಡೆದರೆ ಶಂಕಿತರು ಇಬ್ಬರೇ: ಯಾವುದೋ ಒಂದು ಎಕ್ಸ್‌ಟೆನ್ಶನ್, ಇಲ್ಲವೇ ಕೂಡಿಟ್ಟ ಹಳೆಯ ದತ್ತಾಂಶ. ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಆರಿಸಿ ಒಂದೊಂದಾಗಿ ಹಚ್ಚುತ್ತ ಹೋದರೆ ತಪ್ಪಿತಸ್ಥ ಸಿಕ್ಕಿಬೀಳುತ್ತದೆ. ಪಿಡಿಎಫ್ ಬದಲಿಸುವುದಕ್ಕೆ, ವಿಡಿಯೋ ಇಳಿಸುವುದಕ್ಕೆ ಎಂದು ಎಂದೋ ಸೇರಿಸಿ ಮರೆತುಬಿಟ್ಟವುಗಳ ಮೇಲೆಯೇ ಮೊದಲ ಅನುಮಾನವಿರಲಿ. ಎಕ್ಸ್‌ಟೆನ್ಶನ್ ನಿರ್ದೋಷಿಯಾದರೆ ಆ ಒಂದು ತಾಣದ ಕುಕಿ ಮತ್ತು ಕ್ಯಾಶ್‌ಗಳನ್ನು ಮಾತ್ರ ಅಳಿಸಿದರೆ ಸಾಕು. ಎಲ್ಲವನ್ನೂ ಅಳಿಸುವ ಪೆಟ್ಟಿಗೆಯಲ್ಲಿ ಪಾಸ್‌ವರ್ಡ್ ಎಂಬ ಸಾಲಿಗೆ ಗುರುತು ಬಿದ್ದಿದೆಯೇ ಎಂದು ನೋಡದೆ ಗುಂಡಿ ಒತ್ತಿದವರು ಅನಂತರ ಪೇಚಾಡುವುದುಂಟು.

ಹಳೆಯ ಯಂತ್ರಗಳಲ್ಲಿ ಕಾಣುವ ಒಂದು ವಿಚಿತ್ರ ದೋಷವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಬ್ಯಾಂಕು, ಇಲಾಖೆ, ಮಿಂಚಂಚೆ ಎಲ್ಲವೂ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕಿಕೊಳ್ಳುತ್ತವೆ. ವೈರಸ್ ಎಂದು ಮನೆಮಂದಿ ಗಾಬರಿಯಾಗುತ್ತಾರೆ. ಪರದೆಯ ಮೂಲೆಯ ದಿನಾಂಕವನ್ನು ನೋಡಿದರೆ ಅಲ್ಲಿ ಎಷ್ಟೋ ವರ್ಷದ ಹಿಂದಿನ ಜನವರಿ ಒಂದು! ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಬ್ರೌಸರು ಅದನ್ನು ಯಂತ್ರದ ಗಡಿಯಾರದೊಡನೆ ಹೋಲಿಸುತ್ತದೆ. ಗಡಿಯಾರ ಹಿಂದೆ ಸರಿದಿದ್ದರೆ ಪ್ರಮಾಣಪತ್ರ ‘ಇನ್ನೂ ಹುಟ್ಟಿಯೇ ಇಲ್ಲ’ ಎಂದು ಅದು ತಿರಸ್ಕರಿಸುತ್ತದೆ. ದಿನಾಂಕವನ್ನು ಸರಿಪಡಿಸಿದೊಡನೆ ಎಲ್ಲ ತಾಣಗಳೂ ತೆರೆಯುತ್ತವೆ. ಪ್ರತಿ ಸಲ ವಿದ್ಯುತ್ ಹೋದಾಗಲೂ ಇದೇ ಆಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದರ್ಥ. ಸಾಮಾನ್ಯವಾಗಿ ಅದು ಸಿಆರ್ 2032 ಎಂಬ ಅಲ್ಪ ಬೆಲೆಯ ಬಿಲ್ಲೆ. ಇದಕ್ಕಾಗಿ ಫಾರ್ಮ್ಯಾಟ್ ಮಾಡಿಸಿದ್ದರೆ ಕಡತಗಳೂ ಹೋಗಿ ದೋಷವೂ ಉಳಿಯುತ್ತಿತ್ತು.

ಕನ್ನಡ ಶಿಕ್ಷಕರನ್ನೇ ಬಾಧಿಸುವ ತೊಡಕುಗಳು ಬೇರೆ ಇವೆ. ಪುಟವೊಂದು ಕನ್ನಡದ ಬದಲು ತಲೆಯ ಮೇಲೆ ಗೀಟು ಚುಕ್ಕೆಗಳಿರುವ ರೋಮನ್ ಅಕ್ಷರಗಳ ಗೊಂಚಲಾಗಿ ಕಂಡರೆ ಅದು ಯುನಿಕೋಡ್‌ಗೆ ಮುಂಚಿನ ಪದ್ಧತಿಯ ಅಕ್ಷರಶೈಲಿಯಲ್ಲಿ ಸಿದ್ಧವಾದ ಪುಟ, ಬ್ರೌಸರಿನ ತಪ್ಪಲ್ಲ. ಅಂಥ ಪಿಡಿಎಫ್ ಓದಲು ಸರಿಯಾಗಿದ್ದರೂ ನಕಲು ಮಾಡಿ ಅಂಟಿಸಿದರೆ ಇದೇ ಗೊಂಚಲು ಬರುತ್ತದೆ. ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಿರುಗಿಸಬೇಕು. ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಮಾತ್ರ ಯಂತ್ರದಲ್ಲಿ ಯುನಿಕೋಡ್ ಕನ್ನಡ ಅಕ್ಷರಶೈಲಿ ಇಲ್ಲವೆಂದು ತಿಳಿದು ಅದನ್ನು ಸೇರಿಸಿಕೊಳ್ಳಬೇಕು.

ಮೂರನೆಯದು ಹೆಚ್ಚು ಅಪಾಯಕಾರಿ. ಮಲಯಾಳ, ಮರಾಠಿ ಅಥವಾ ತಮಿಳು ಪುಟವನ್ನು ಒಮ್ಮೆ ಅನುವಾದಿಸುವಾಗ ‘ಯಾವಾಗಲೂ’ ಎಂಬ ಆಯ್ಕೆಯನ್ನು ಒತ್ತಿಬಿಟ್ಟರೆ ಬ್ರೌಸರು ಮುಂದೆ ಕೇಳದೆಯೇ ಆ ಭಾಷೆಯ ಪುಟಗಳನ್ನು ಬದಲಿಸುತ್ತದೆ. ಪಟ್ಟಿಯಲ್ಲಿರುವ ಮಕ್ಕಳ ಹೆಸರುಗಳೂ ಆಗ ಅರ್ಥಾನುವಾದವಾಗಿ ಕಾಣಬಹುದು. ಪುಷ್ಪಾ ಎಂಬ ಹುಡುಗಿ ಹೂವಾಗಿಬಿಡುತ್ತಾಳೆ. ದಾಖಲೆ ತಪ್ಪಾಗಿದೆಯೆಂದು ಭಾವಿಸಿ ಶಿಕ್ಷಕರು ಸರಿಯಾಗಿರುವ ಹೆಸರನ್ನೇ ‘ತಿದ್ದಿ’ ಉಳಿಸಿದರೆ, ಆ ಮಗುವಿನ ವರ್ಗಾವಣೆ ಪತ್ರದವರೆಗೂ ತಪ್ಪು ಹಿಂಬಾಲಿಸೀತು. ದಾಖಲಾತಿಯ ತಾಣಗಳಲ್ಲಿ ಅನುವಾದವನ್ನು ಕಡ್ಡಾಯವಾಗಿ ಆರಿಸಿಟ್ಟಿರಬೇಕು.

ವಿಂಡೋಸ್ 7 ಇರುವ ಯಂತ್ರಗಳಿಗೆ ಕ್ರೋಮ್‌ನ 109ನೆಯ ಆವೃತ್ತಿಯೇ ಕೊನೆಯದು. ಅದು ಬಂದದ್ದು 2023ರ ಜನವರಿಯಲ್ಲಿ. ಹೊಸ ತಾಣಗಳು ಅಲ್ಲಿ ಮುರಿದು ಕಂಡರೆ ಆಶ್ಚರ್ಯವಿಲ್ಲ. ಶಾಲೆಯಲ್ಲಿ ಕೈಟ್ ಸಂಸ್ಥೆಯ ಲಿನಕ್ಸ್ ವ್ಯವಸ್ಥೆಯನ್ನು ಬಳಸಿ ಪಳಗಿದ ಕಾಸರಗೋಡಿನ ಶಿಕ್ಷಕರು ಹಳೆಯ ಮನೆಯಂತ್ರಕ್ಕೂ ಲಿನಕ್ಸ್ ಹಾಕಿಕೊಳ್ಳುವುದು ವಿವೇಕದ ದಾರಿ.

ಯಾವುದೂ ಫಲಿಸದಿದ್ದಾಗ ಬ್ರೌಸರಿನ ಸೆಟ್ಟಿಂಗ್‌ಗಳನ್ನು ಮೂಲಸ್ಥಿತಿಗೆ ತರುವ ಆಯ್ಕೆಯಿದೆ. ಕ್ರೋಮ್‌ನಲ್ಲಿ ಇದರಿಂದ ಎಕ್ಸ್‌ಟೆನ್ಶನ್‌ಗಳು ಆರುತ್ತವೆ, ಕುಕಿಗಳು ಹೋಗುತ್ತವೆ; ಪುಟಗುರುತುಗಳು, ಉಳಿಸಿದ ಪಾಸ್‌ವರ್ಡ್‌ಗಳು ಉಳಿಯುತ್ತವೆ. ಅದಕ್ಕೂ ಮೀರಿ ಯಂತ್ರವನ್ನು ಅಂಗಡಿಗೆ ಕೊಡಲೇಬೇಕಾದರೆ ಕಡತಗಳನ್ನು ಮೊದಲು ಪೆನ್‌ಡ್ರೈವಿಗೆ ನಕಲಿಸಬೇಕು. ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿರುವ ಕಡತಗಳ ಜೊತೆಗೆ ಆ ಅಕ್ಷರಶೈಲಿಯನ್ನೂ, ಪ್ರತಿಯೊಂದರ ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಂಡು, ಬೇರೊಂದು ಯಂತ್ರದಲ್ಲಿ ಎರಡು ಮೂರು ಕಡತಗಳನ್ನು ತೆರೆದು ಓದಿದ ಮೇಲೆಯೇ ಯಂತ್ರವನ್ನು ಮನೆಯಿಂದ ಹೊರಗೆ ಕಳುಹಿಸಬೇಕು.