ಎಳನೀರಿಗೆ ಇಳಿಯದ ನೋವು

ಅರಸೀಕೆರೆ ಜಂಕ್ಷನ್, ಬೆಳಗಿನ ಹೊತ್ತು. ಬೆಂಗಳೂರು ರೈಲಿಗೆ ಕಾದವರಲ್ಲಿ ಕೊಬ್ಬರಿ ವ್ಯಾಪಾರಿಗಳಿದ್ದಾರೆ, ಕಾಲೇಜು ಹುಡುಗರಿದ್ದಾರೆ. ಕಲ್ಲುಬೆಂಚಿನ ತುದಿಯಲ್ಲಿ ಜಾವಗಲ್ ಕಡೆಯ ತಾಯಿ, ಮಗ. ತಾಯಿಯ ಮಡಿಲಲ್ಲಿ ಬಟ್ಟೆಯಂಗಡಿಯ ಕೈಚೀಲ. ಒಳಗೆ ಸ್ಕ್ಯಾನಿಂಗ್ ಫಿಲ್ಮು, ಬಿಪಿಎಲ್ ಕಾರ್ಡು, ಹಾಸನದಲ್ಲಿ ಬರೆಸಿಕೊಂಡ ಚೀಟಿ. ಹುಡುಗ ಎಡ ಪಕ್ಕೆಗೆ ಅಂಗೈ ಒತ್ತಿ ಕೂತಿದ್ದಾನೆ.

“ಕಲ್ಲಿರ್ಬೇಕು, ಎಳನೀರು ಕುಡ್ಸು ಅಂದ್ರು. ಕುಡ್ಸಿದಷ್ಟೂ ನೋವು ಜಾಸ್ತಿ ಆಯ್ತು ಕಣಣ್ಣ.”

ತೆಂಗಿನ ಸೀಮೆಯಲ್ಲಿ ಪಕ್ಕೆನೋವಿಗೆ ಎಳನೀರೇ ಮೊದಲ ಮದ್ದು. ಅದು ನೋವನ್ನು ಕೆರಳಿಸಿತೆಂಬ ಮಾತಿನಲ್ಲೇ ಕಾಯಿಲೆಯ ಸುಳಿವಿದೆ. ಮೂತ್ರನಾಳ ಕಿಡ್ನಿಯಿಂದ ಹೊರಡುವ ಜಾಗ ಕೆಲವರಿಗೆ ಹುಟ್ಟಿನಿಂದಲೇ ಕಿರಿದು. ಇನ್ನು ಕೆಲವರಲ್ಲಿ ಅಡ್ಡ ಹಾಯ್ದ ರಕ್ತನಾಳವೊಂದು ಅದನ್ನು ಒತ್ತಿರುತ್ತದೆ. ಹಳೇಬೀಡಿನ ಕೆರೆಗೆ ತೂಬೂ ಕಟ್ಟಿ, ಕೋಡಿಯೂ ಇಲ್ಲವಾದರೆ ಹೇಗೋ ಹಾಗೆ: ನೀರು ಬಂದಷ್ಟೂ ಏರಿಯ ಮೇಲೆ ಭಾರ. ಕಿಡ್ನಿ ಊದುತ್ತದೆ, ನೋವು, ವಾಂತಿ. ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುವುದೂ ಉಂಟು. ಹೀಗೆ ಇಳಿಯುವುದೇ ದೊಡ್ಡ ಮೋಸ. ಗ್ಯಾಸು, ಜಂತುಹುಳ, ಸ್ಕೂಲಿಗೆ ಚಕ್ಕರ್ ಹೊಡೆಯುವ ನೆಪ ಎನ್ನುತ್ತಲೇ ವರ್ಷಗಳು ಕಳೆಯುತ್ತವೆ. ಒಳಗೆ ಕಿಡ್ನಿಯ ತಿರುಳು ತೆಳುವಾಗುತ್ತಿರುತ್ತದೆ. ಮಕ್ಕಳ ಪಕ್ಕೆನೋವು ಮರುಕಳಿಸಿದರೆ, ದಯವಿಟ್ಟು, ನೋವಿರುವಾಗಲೇ ಒಂದು ಸ್ಕ್ಯಾನಿಂಗ್ ಮಾಡಿಸಿ. ಊತ ಆಗಲೇ ಚೆನ್ನಾಗಿ ಕಾಣುವುದು.

ಮದ್ದಿಗೆ ಬಗ್ಗದ ಅಡ್ಡಿ ಇದು. 1949ರಲ್ಲಿ ಆ್ಯಂಡರ್ಸನ್ ಮತ್ತು ಹೈನ್ಸ್ ತೋರಿಸಿಕೊಟ್ಟ ದಾರಿಯೇ ಇಂದಿಗೂ ದಾರಿ: ಕಿರಿದಾದ ತುಂಡನ್ನು ಕತ್ತರಿಸಿ ತೆಗೆದು, ನಾಳದ ತುದಿಯನ್ನು ಸೀಳಿ ಅಗಲಿಸಿ, ಕಿಡ್ನಿಯ ಚೀಲಕ್ಕೆ ಮತ್ತೆ ಹೊಲಿಯುವುದು. ಪೈಲೋಪ್ಲಾಸ್ಟಿ ಅಂದರೆ ಇದೇ. ಮೊದಲೆಲ್ಲ ಇದಕ್ಕಾಗಿ ಪಕ್ಕೆಯನ್ನು ಉದ್ದಕ್ಕೆ ಕುಯ್ಯಬೇಕಿತ್ತು. 1993ರಲ್ಲಿ ಲ್ಯಾಪರೋಸ್ಕೋಪಿಯಿಂದಲೂ ಸಾಧ್ಯವೆಂಬ ವರದಿಗಳು ಬಂದವು.

ಈಗ ಹೊಟ್ಟೆಯ ಮೇಲೆ 5ರಿಂದ 10 ಮಿಲಿಮೀಟರಿನ ಮೂರ್ನಾಲ್ಕು ತೂತು. ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿ, ಒಂದರಲ್ಲಿ ಕ್ಯಾಮೆರಾ ಇಳಿಸುತ್ತಾರೆ. ಪರದೆಯ ಮೇಲೆ ಬಾಗಿದ ಪುಟ್ಟ ಸೂಜಿ. ಅದರ ಬಾಲದಲ್ಲಿ ತಾನೇ ಕರಗುವ ದಾರ. ಉದ್ದನೆಯ ಇಕ್ಕಳ ಸೂಜಿಯನ್ನು ತಿರುಗಿಸುತ್ತದೆ, ನಾಳದ ಅಂಚನ್ನು ಹಿಡಿಯುತ್ತದೆ, ಚೀಲದ ಅಂಚಿಗೆ ತರುತ್ತದೆ, ಗಂಟು ಹಾಕುತ್ತದೆ. ಹೊಲಿಗೆ ಬಿಗಿಯಾದರೆ ಮತ್ತೆ ಅಡ್ಡಿ, ಸಡಿಲವಾದರೆ ಸೋರಿಕೆ. ಅಡ್ಡ ಬಂದ ರಕ್ತನಾಳವನ್ನು ಕತ್ತರಿಸುವಂತಿಲ್ಲ, ಅದು ಕಿಡ್ನಿಯ ಒಂದು ಭಾಗಕ್ಕೆ ರಕ್ತ ಕೊಡುವಂಥದ್ದು; ಅದಕ್ಕೇ ನಾಳವನ್ನು ಅದರ ಮುಂದಕ್ಕೆ ತಂದು ಹೊಲಿಯುತ್ತಾರೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಗುಣವಾಗುತ್ತದೆ.

ಗಾಯ ಬೇಗ ಮಾಯುತ್ತದೆ, ಕೆಲವೇ ದಿನಗಳಲ್ಲಿ ಮನೆ. ಆದರೆ ಹೊಲಿಗೆ ಕೂಡಿಕೊಳ್ಳಲೆಂದು ಒಳಗೆ ಡಿಜೆ ಸ್ಟೆಂಟ್ ಎಂಬ ಮೆತ್ತನೆಯ ಕೊಳವೆ ಬಿಟ್ಟಿರುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕೆ ಅದನ್ನು ತೆಗೆಸಬೇಕು. ನೋವಿಲ್ಲವಲ್ಲ ಎಂದು ತಿಂಗಳುಗಟ್ಟಲೆ ಬಿಟ್ಟರೆ ಅದರ ಸುತ್ತ ಕಲ್ಲು ಕಟ್ಟುತ್ತದೆ. ಕಾಯಿ ಕೀಳಿಸುವುದಿರಲಿ, ರಾಗಿ ಒಕ್ಕಣೆ ಇರಲಿ, ಆ ತಾರೀಖಿಗೆ ರೈಲು ಹತ್ತಲೇಬೇಕು.