‘ಸಂಚಕಾರ’: ನಿತ್ಯರಕ್ಷಣೆಯ ನಿಶ್ಚಯ ಮತ್ತು ಕನ್ನಡ ಪದವೊಂದರ ಅರ್ಥಪಲ್ಲಟ

1. ಸಮಸ್ಯೆಯ ಸ್ವರೂಪ

ತಾನು ದೇವರಿಂದ ಅಂಗೀಕೃತನಾಗಿದ್ದೇನೆಯೇ, ಆ ಅಂಗೀಕಾರವು ಮರಣದಾಚೆಗೂ ಉಳಿಯುವುದೇ, ಅದನ್ನು ಬದುಕಿರುವಾಗಲೇ ಖಚಿತವಾಗಿ ಅರಿಯಲು ಸಾಧ್ಯವೇ? ಕ್ರೈಸ್ತ ಪರಂಪರೆಯಲ್ಲಿ ‘ರಕ್ಷಣೆಯ ನಿಶ್ಚಯ’ ಎಂಬ ಹೆಸರಿನಿಂದ ಚರ್ಚಿತವಾಗುವುದು ಈ ಪ್ರಶ್ನೆ. ದೈವಶಾಸ್ತ್ರದ ಗ್ರಂಥಗಳಲ್ಲಿ ಇದು ವಾದದ ವಿಷಯವಾದರೂ ರೋಗಶಯ್ಯೆಯ ಬಳಿ, ಸಮಾಧಿಯ ಬಳಿ ಇದು ಸಾಂತ್ವನದ ವಿಷಯವಾಗುತ್ತದೆ. ಸಾಂತ್ವನವು ತಲುಪಬೇಕಾದದ್ದು ಕೇಳುವವರ ಮಾತೃಭಾಷೆಯಲ್ಲಿ. ಆದುದರಿಂದ ಈ ತತ್ತ್ವವನ್ನು ಕನ್ನಡದ ಯಾವ ಪದಗಳು ಹೊತ್ತಿವೆ, ಆ ಪದಗಳು ಇಂದು ಏನನ್ನು ಹೇಳುತ್ತಿವೆ ಎಂಬುದು ಭಾಷಾಧ್ಯಯನಕ್ಕೂ ಸೇರಿದ ಪ್ರಶ್ನೆಯಾಗಿದೆ.

ಉತ್ತರ ಬೆಂಗಳೂರಿನಲ್ಲಿ ಹೆಬ್ಬಾಳಕ್ಕೆ ಹೊಂದಿಕೊಂಡಿರುವ ಕೆಂಪಾಪುರದಂತಹ ಬಡಾವಣೆಯಲ್ಲಿ ಕನ್ನಡದ ‘ಸತ್ಯವೇದ’ವನ್ನು ತೆರೆಯುವ ಓದುಗರನ್ನು ಕಲ್ಪಿಸಿಕೊಳ್ಳಬಹುದು. ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಪವಿತ್ರಾತ್ಮನನ್ನು ವಿಶ್ವಾಸಿಗಳ ‘ಬಾಧ್ಯತೆ’ಗೆ ‘ಸಂಚಕಾರ’ವೆಂದು ಕರೆಯಲಾಗಿದೆ. ನಿಶ್ಚಯದ ತತ್ತ್ವಕ್ಕೆ ಆಧಾರವಾಗಿರುವ ಪ್ರಮುಖ ವಾಕ್ಯಗಳಲ್ಲಿ ಇದೂ ಒಂದು. ಆದರೆ ದಿನಪತ್ರಿಕೆಯ ಕನ್ನಡದಲ್ಲಿ ಬೆಳೆದ ಓದುಗರಿಗೆ ‘ಸಂಚಕಾರ’ವೆಂದರೆ ಅಪಾಯ, ‘ಬಾಧ್ಯತೆ’ಯೆಂದರೆ ಹೊಣೆ ಅಥವಾ ಹೊರೆ. ಧೈರ್ಯ ತುಂಬಬೇಕಾದ ವಾಕ್ಯವೇ ಅಧೈರ್ಯದ ಶಬ್ದಗಳನ್ನು ನುಡಿಯುವಂತಾಗಿದೆ. ಈ ವೈರುಧ್ಯದ ಹಿನ್ನೆಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ತತ್ತ್ವದ ಭಿನ್ನ ನೆಲೆಗಳು

ನಿಶ್ಚಯದ ಬಗೆಗೆ ಕ್ರೈಸ್ತ ಸಭೆಗಳಲ್ಲಿ ಏಕಾಭಿಪ್ರಾಯವಿಲ್ಲ. 1547ರಲ್ಲಿ ಟ್ರೆಂಟ್ ಮಹಾಸಭೆಯು ವಿಶೇಷ ಪ್ರಕಟನೆಯಿಲ್ಲದೆ ಯಾವ ವ್ಯಕ್ತಿಯೂ ತನ್ನ ಅಂತಿಮ ಸ್ಥಿರತೆಯ ಬಗೆಗೆ ತಪ್ಪಲಾರದ ಖಚಿತತೆಯನ್ನು ಹೇಳಿಕೊಳ್ಳುವಂತಿಲ್ಲವೆಂದು ನಿರ್ಣಯಿಸಿತು. ಕಥೋಲಿಕ ನೆಲೆಯಲ್ಲಿ ದೃಢವಾದ ನಿರೀಕ್ಷೆಗೆ ಸ್ಥಾನವಿದೆ. ಸ್ವಂತದ ಬಗೆಗಿನ ನಿರ್ಣಯಕ್ಕಿಲ್ಲ. ಇದಕ್ಕೆ ಪ್ರತಿಯಾಗಿ ಕಾಲ್ವಿನನ ಪರಂಪರೆಯು 1618–19ರ ಡಾರ್ಟ್ ಸಭೆಯಲ್ಲಿ, ದೇವರು ಆರಿಸಿಕೊಂಡವರು ಕೊನೆಯವರೆಗೂ ಕಾಪಾಡಲ್ಪಡುವರೆಂಬ ಸಿದ್ಧಾಂತವನ್ನು ಸ್ಥಿರಪಡಿಸಿತು. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವು ಒಂದು ಸೂಕ್ಷ್ಮವನ್ನು ಸೇರಿಸಿತು: ರಕ್ಷಣೆ ಬೇರೆ, ರಕ್ಷಣೆಯ ಅರಿವು ಬೇರೆ. ನಿಜವಾದ ವಿಶ್ವಾಸಿಯೂ ದೀರ್ಘಕಾಲ ಆ ಅರಿವಿಲ್ಲದೆ ತೊಳಲಬಹುದು.

ಜಾನ್ ವೆಸ್ಲಿಯದು ಮೂರನೆಯ ನೆಲೆ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ ತನ್ನ ಪಾಪಗಳು ಕ್ಷಮಿಸಲ್ಪಟ್ಟಿವೆಯೆಂಬ ಅನುಭವ ಅವನಿಗಾಯಿತು. ಅವನು ಬೋಧಿಸಿದ ನಿಶ್ಚಯ ಇಂದಿನ ಕ್ಷಮೆಯದು. ವಿಶ್ವಾಸಿಯು ಮುಂದೆ ಜಾರಿಬೀಳುವ ಸಾಧ್ಯತೆಯನ್ನು ಅವನು ತಳ್ಳಿಹಾಕಲಿಲ್ಲ. ಲೂಥರನ ಅನುಯಾಯಿಗಳು ನಿಶ್ಚಯವನ್ನು ಅಂತರಂಗದ ಅನುಭವದಲ್ಲಿ ಹುಡುಕದೆ ವಾಕ್ಯ ಮತ್ತು ಸಂಸ್ಕಾರಗಳಲ್ಲಿ ಹುಡುಕಿದರು.

ಗಮನಿಸಬೇಕಾದ ಅಂಶವೆಂದರೆ ಈ ಎಲ್ಲ ನೆಲೆಗಳೂ ಕನ್ನಡ ನಾಡಿಗೆ ಬಂದವು. ಕಥೋಲಿಕ ಸಭೆ ಇಲ್ಲಿ ಮೊದಲಿನಿಂದಲೇ ಇತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ವೆಸ್ಲಿಯನ್ ಮಿಷನ್ ಬೆಂಗಳೂರು–ಮೈಸೂರು ಸೀಮೆಯಲ್ಲಿಯೂ, 1834ರಲ್ಲಿ ಬಂದ ಬಾಸೆಲ್ ಮಿಷನ್ ಮಂಗಳೂರಿನಲ್ಲಿಯೂ ನೆಲೆಯೂರಿದವು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ಕಾಲ್ವಿನ್ ಮೂಲದ ಧಾರೆಗಳು ಒಂದೇ ಸಭೆಯೊಳಗೆ ಕೂಡಿದವು. ಹೀಗೆ ನಿಶ್ಚಯವನ್ನು ಬೇರೆಬೇರೆಯಾಗಿ ಅರ್ಥೈಸುತ್ತಿದ್ದ ಪ್ರೊಟೆಸ್ಟೆಂಟರು ಒಂದೇ ಕನ್ನಡ ಬೈಬಲ್ಲನ್ನು ಓದುತ್ತ ಬಂದರು.

3. ನಾಡಿನಲ್ಲಿದ್ದ ನಿಶ್ಚಯದ ಪರಿಕಲ್ಪನೆಗಳು

ಪರಲೋಕದ ಖಚಿತತೆಯ ಮಾತು ಕನ್ನಡಕ್ಕೆ ಮಿಷನರಿಗಳಿಂದ ಬಂದುದಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಕೆಂಪಾಪುರದ ಈ ಪರಿಸರವು ಆ ಕಾಲದಲ್ಲಿಯೇ ಕನ್ನಡವನ್ನು ಕಲ್ಲಿನಲ್ಲಿ ಬರೆಸಿದ ನೆಲವೆಂಬುದನ್ನು ತೋರಿಸುತ್ತದೆ. ಊರಿಗಾಗಿ, ತುರುವಿಗಾಗಿ, ಒಡೆಯನಿಗಾಗಿ ಮಡಿದವನು ಸ್ವರ್ಗಸ್ಥನಾದನೆಂಬುದು ವೀರಗಲ್ಲು ಪರಂಪರೆಯ ಸಾಮಾನ್ಯ ನಂಬಿಕೆ; ನಂತರದ ಕಾಲದ ಕಲ್ಲುಗಳ ಮೇಲಿನ ಪಟ್ಟಿಕೆಗಳಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯಗಳಿರುತ್ತವೆ. ಆದರೆ ಈ ನಿಶ್ಚಯವು ಕೃತ್ಯದಿಂದ ಗಳಿಸಿದ್ದು. ಸತ್ತವನ ಕುರಿತು ಉಳಿದವರು ಹೇಳಿದ್ದು. ಕ್ರೈಸ್ತ ನಿಶ್ಚಯವಾದರೋ ಬದುಕಿರುವವನು ಉತ್ತಮಪುರುಷದಲ್ಲಿ, ತನ್ನ ಕೃತ್ಯವನ್ನು ಬದಿಗಿಟ್ಟು ಹೇಳಬೇಕಾದದ್ದು. ಎರಡರ ವ್ಯಾಕರಣವೇ ಬೇರೆ.

ಇದಕ್ಕಿಂತ ಹತ್ತಿರದ ಹೋಲಿಕೆ ಶ್ರೀವೈಷ್ಣವ ಪ್ರಪತ್ತಿಯಲ್ಲಿ ದೊರೆಯುತ್ತದೆ. ಕೋತಿಯ ಮರಿ ತಾಯಿಯನ್ನು ತಾನೇ ಅವಚಿಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ವಡಗಲೈ ಪಂಥಕ್ಕೆ ಮರ್ಕಟಕಿಶೋರ ನ್ಯಾಯವನ್ನೂ ತೆಂಗಲೈ ಪಂಥಕ್ಕೆ ಮಾರ್ಜಾಲಕಿಶೋರ ನ್ಯಾಯವನ್ನೂ ಅನ್ವಯಿಸಿ ಹೇಳುವುದು ರೂಢಿ. ಹಿಡಿತ ಯಾರದು ಎಂಬುದೇ ಇಲ್ಲಿನ ಪ್ರಶ್ನೆ. ವೆಸ್ಲಿಯ ಅನುಯಾಯಿಗಳಿಗೂ ಕಾಲ್ವಿನನ ಅನುಯಾಯಿಗಳಿಗೂ ನಡುವಣ ವಾದವು ಬಹುಮಟ್ಟಿಗೆ ಇದೇ ಆಗಿದೆ. ಜರ್ಮನ್ ವಿದ್ವಾಂಸ ರುಡಾಲ್ಫ್ ಆಟೊ 1930ರಲ್ಲಿ ಭಾರತದ ಕೃಪಾಧರ್ಮವನ್ನೂ ಕ್ರೈಸ್ತಧರ್ಮವನ್ನೂ ತೌಲನಿಕವಾಗಿ ಅಧ್ಯಯನ ಮಾಡಿದುದು ಈ ಸಾಮ್ಯದ ಮಹತ್ವವನ್ನು ಸೂಚಿಸುತ್ತದೆ. ಆದರೂ ಹೋಲಿಕೆಗೆ ಮಿತಿಯಿದೆ. ಪ್ರಪನ್ನನು ಬಿಡುಗಡೆ ಬಯಸುವುದು ಜನ್ಮಾಂತರಗಳ ಬಂಧನದಿಂದ; ಕ್ರೈಸ್ತನು ಬಯಸುವುದು ಪಾಪ ಮತ್ತು ಅಂತಿಮ ನ್ಯಾಯತೀರ್ಪಿನಿಂದ.

4. ‘ರಕ್ಷಣೆ’ಯ ಮೂರು ಕಾಲಗಳು

ಅನುವಾದಕರ ಮುಂದೆ ‘ಮೋಕ್ಷ’, ‘ಮುಕ್ತಿ’ ಎಂಬ ಸಿದ್ಧ ಪದಗಳಿದ್ದವು. ಸತ್ಯವೇದದ ಪಾಠದಲ್ಲಿ ಪ್ರಧಾನವಾಗಿ ನೆಲೆನಿಂತದ್ದು ‘ರಕ್ಷಣೆ’. ಮೋಕ್ಷದಲ್ಲಿ ಜೀವನು ಬಂಧದಿಂದ ಬಿಡುಗಡೆ ಹೊಂದುತ್ತಾನೆ. ರಕ್ಷಣೆಗೆ ರಕ್ಷಕನೊಬ್ಬನು ಬೇಕೇ ಬೇಕು. ಹಿಡಿತ ಯಾರದೆಂಬ ಪ್ರಶ್ನೆಗೆ ಪದದ ಆಯ್ಕೆಯಲ್ಲಿಯೇ ಅರ್ಧ ಉತ್ತರವಿದೆ. ಕಥೋಲಿಕ ಬಳಕೆಯಲ್ಲಿಯೂ ಇತ್ತೀಚಿನ ಅನುವಾದದಲ್ಲಿಯೂ ‘ಜೀವೋದ್ಧಾರ’ವೆಂಬ ಪದವಿದೆ. ಅದು ಎತ್ತುವ ಕ್ರಿಯೆಯನ್ನು ಮುಂದುಮಾಡುತ್ತದೆ. ಪ್ರೊಟೆಸ್ಟೆಂಟ್ ಪಾಠದ ‘ನಂಬಿಕೆ’ಗೆ ಕಥೋಲಿಕ ಬಳಕೆಯ ‘ವಿಶ್ವಾಸ’ ಸಂವಾದಿಯಾಗಿದೆ.

ನಾಮಪದಕ್ಕಿಂತ ಕ್ರಿಯಾಪದ ಹೆಚ್ಚು ತೊಡಕಿನದು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ರಕ್ಷಿಸು ಎಂಬ ಧಾತು ಮೂರು ಕಾಲಗಳಲ್ಲಿ ಬರುತ್ತದೆ. ಎಫೆಸ 2:8ರಲ್ಲಿ ಅದು ಮುಗಿದು ಫಲ ಉಳಿದಿರುವ ಕ್ರಿಯೆ. 1 ಕೊರಿಂಥ 1:18ರಲ್ಲಿ ನಡೆಯುತ್ತಿರುವ ಕ್ರಿಯೆ. ರೋಮಾಪುರ 5:9ರಲ್ಲಿ ಇನ್ನು ನಡೆಯಬೇಕಾದ ಕ್ರಿಯೆ. ನಿಶ್ಚಯವಾದಿಗಳು ಮೊದಲನೆಯದನ್ನೂ ಎಚ್ಚರಿಕೆಯ ಪಕ್ಷದವರು ಮೂರನೆಯದನ್ನೂ ಆಧಾರವಾಗಿ ಹಿಡಿಯುವುದು ಸಾಮಾನ್ಯ. ಕನ್ನಡದಲ್ಲಿ ‘ಹೊಂದಿದ್ದೀರಿ’ ಎಂಬ ರೂಪವು ಮುಗಿದ ಕ್ರಿಯೆಯನ್ನೂ ಅದರ ಮುಂದುವರಿದ ಸ್ಥಿತಿಯನ್ನೂ ಒಟ್ಟಿಗೆ ಹೇಳಬಲ್ಲದಾದ್ದರಿಂದ ಮೊದಲನೆಯ ಅರ್ಥ ಸುಲಭವಾಗಿ ಸಾಧಿಸಿದೆ. ಎರಡನೆಯದಕ್ಕೆ ‘ರಕ್ಷಣಾಮಾರ್ಗ’ದಲ್ಲಿರುವವರು ಎಂಬ ಅರ್ಥದ ಪ್ರಯೋಗವನ್ನು ಹಳೆಯ ಪಾಠ ಬಳಸಿದೆ. ಮೂಲದಲ್ಲಿ ದಾರಿಯ ಮಾತಿಲ್ಲ. ನಡೆಯುತ್ತಿರುವ ಕ್ರಿಯೆಯನ್ನು ಹೇಳಲು ಕನ್ನಡವು ಭಕ್ತಿಮಾರ್ಗ, ಜ್ಞಾನಮಾರ್ಗಗಳ ಪರಿಚಿತ ರೂಪಕವನ್ನು ಎರವಲು ಪಡೆಯಿತು. ದಾರಿಯಲ್ಲಿರುವವನಿಗೆ ಗುರಿ ಖಚಿತವೇ, ಅವನು ದಾರಿ ತಪ್ಪಬಹುದೇ ಎಂಬ ಪ್ರಶ್ನೆಯನ್ನು ಕನ್ನಡ ಪಾಠ ತಾನಾಗಿಯೇ ತೆರೆದಿಟ್ಟಿತು.

5. ‘ಸಂಚಕಾರ’: ಸತ್ಯವನ್ನಾಗಿಸುವುದು

ಈ ಮೂರು ಕಾಲಗಳನ್ನು ಜೋಡಿಸುವ ಪದವೇ ಸಂಚಕಾರ. ಗ್ರೀಕಿನ ‘ಅರ್ರಬೋನ್’ ಹೊಸ ಒಡಂಬಡಿಕೆಯಲ್ಲಿ ಮೂರೇ ಕಡೆ, 2 ಕೊರಿಂಥ 1:22, 5:5 ಮತ್ತು ಎಫೆಸ 1:14ರಲ್ಲಿ ಬರುತ್ತದೆ. ಇದು ಸೆಮಿಟಿಕ್ ಮೂಲದಿಂದ ವ್ಯಾಪಾರಿಗಳ ಮೂಲಕ ಗ್ರೀಕಿಗೆ ಬಂದ ಪೇಟೆಯ ಮಾತು. ಕನ್ನಡದ ಅನುವಾದಕರೂ ಪೇಟೆಯ ಮಾತನ್ನೇ ಆರಿಸಿದರು. ತಮಿಳು ಮತ್ತು ಮಲಯಾಳದ ಬೈಬಲ್ಲುಗಳಲ್ಲಿ ‘ಅಚ್ಚಾರಂ’, ತೆಲುಗಿನಲ್ಲಿ ‘ಸಂಚಕರುವು’ ಇದೆ. ಇವೆಲ್ಲವೂ ಸಂಸ್ಕೃತದ ‘ಸತ್ಯಂಕಾರ’ಕ್ಕೆ ಸಂಬಂಧಿಸಿದ ರೂಪಗಳು, ಪಾಲಿಯಲ್ಲಿ ಅದು ‘ಸಚ್ಚಕಾರ’. ಪಾಣಿನಿಯ ವ್ಯಾಕರಣದಲ್ಲಿ ಈ ರೂಪದ ಸಿದ್ಧಿಗೆ ಸೂತ್ರವಿದೆ. ಅಮರಕೋಶವು ಇದನ್ನು ವೈಶ್ಯವರ್ಗದಲ್ಲಿ ಸೇರಿಸಿದೆ. 1894ರಲ್ಲಿ ಪ್ರಕಟವಾದ ಕಿಟೆಲ್ ಕೋಶವು ಸಂಚಕಾರಕ್ಕೆ ಮುಂಗಡ ಹಣವೆಂಬ ಅರ್ಥವನ್ನು ಕೊಡುತ್ತದೆ. ಪದದ ಒಡಲಲ್ಲಿರುವ ಅರ್ಥ ‘ಸತ್ಯವನ್ನಾಗಿಸುವುದು’, ಆಡಿದ ಮಾತನ್ನು ಹಣ ಕೊಟ್ಟು ನಿಜಮಾಡುವುದು.

ಸಂಚಕಾರಕ್ಕೂ ಅಡವಿಗೂ ವ್ಯತ್ಯಾಸವಿದೆ. ಅಡವಿಟ್ಟ ವಸ್ತು ಸಾಲಕ್ಕಿಂತ ಬೇರೆಯಾದದ್ದು. ಸಾಲ ತೀರಿದಾಗ ಅದು ಹಿಂದಿರುಗುತ್ತದೆ. ಸಂಚಕಾರವು ಬೆಲೆಯದೇ ಒಂದು ಭಾಗ. ವ್ಯವಹಾರ ಪೂರ್ಣಗೊಂಡಾಗ ಮೊತ್ತದಲ್ಲಿ ಸೇರಿಹೋಗುತ್ತದೆ. ಕೊಟ್ಟವನು ಹಿಂದೆಗೆದರೆ ಅದನ್ನು ಕಳೆದುಕೊಳ್ಳುತ್ತಾನೆ. ಪೌಲನ ರೂಪಕದ ಬಲ ಇಲ್ಲಿದೆ. ಪವಿತ್ರಾತ್ಮನು ನಿತ್ಯಜೀವಕ್ಕೆ ಬದಲಾಗಿ ಇಟ್ಟ ಒತ್ತೆಯಲ್ಲ, ನಿತ್ಯಜೀವದ ಮೊದಲ ಕಂತು. ಅದನ್ನು ಕೊಟ್ಟವನು ದೇವರು. ಆದುದರಿಂದ ಕಟ್ಟುಬಿದ್ದವನೂ ಅವನೇ. ನಿಶ್ಚಯದ ಆಧಾರ ಪಡೆದವನ ಯೋಗ್ಯತೆಯಲ್ಲಿಲ್ಲ, ಕೊಟ್ಟವನ ಮಾತಿನಲ್ಲಿದೆ. ಆದರೆ ಕೊಟ್ಟವನು ಹಿಂದೆಗೆಯನೆಂದು ಒಪ್ಪಿದ ಮೇಲೂ ಪಡೆದವನು ನಿರಾಕರಿಸಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದ ಕಠೋರ ಎಚ್ಚರಿಕೆಯನ್ನು ಮುಂದಿಟ್ಟುಕೊಂಡು ವೆಸ್ಲಿಯ ಪಕ್ಷ ಕೇಳುವುದು ಇದನ್ನೇ.

6. ಅರ್ಥಪಲ್ಲಟ

ಆಧುನಿಕ ಕನ್ನಡದಲ್ಲಿ ‘ಪ್ರಾಣಕ್ಕೆ ಸಂಚಕಾರ’, ‘ಹುದ್ದೆಗೆ ಸಂಚಕಾರ’ ಎಂಬ ಪ್ರಯೋಗಗಳೇ ಉಳಿದಿವೆ. ಪ್ರಾಣದ ಮೇಲೆ ಮೃತ್ಯು ಮುಂಗಡ ಕೊಟ್ಟು ಕಾದಿರಿಸಿದೆ ಎಂಬಂತಹ ಲಾಕ್ಷಣಿಕ ಬಳಕೆಯಿಂದ ಈ ಅರ್ಥ ಬೆಳೆದಿರಬಹುದೆಂದು ಊಹಿಸಬಹುದು. ಮೂಲಾರ್ಥ ಮರೆತಾಗ ಕಾದಿರಿಸುವಿಕೆ ಹೋಗಿ ಕೇವಲ ಕೇಡು ಉಳಿಯಿತು. ಗ್ರೀಕಿನಲ್ಲಿ ಇದಕ್ಕೆ ವಿರುದ್ಧವಾದ ಪಯಣ ಕಾಣುತ್ತದೆ. ‘ಅರ್ರಬೋನ್’ನಿಂದ ಬಂದ ರೂಪಕ್ಕೆ ಇಂದಿನ ಗ್ರೀಕಿನಲ್ಲಿ ವಿವಾಹ ನಿಶ್ಚಿತಾರ್ಥವೆಂಬ ಅರ್ಥವಿದೆ. ಒಂದೇ ವ್ಯಾಪಾರೀ ಕಲ್ಪನೆಯು ಅಲ್ಲಿ ಮದುವೆಯ ಮನೆಯನ್ನೂ ಇಲ್ಲಿ ಅಪಾಯದ ಸುದ್ದಿಯನ್ನೂ ಸೇರಿದೆ. ‘ಬಾಧ್ಯತೆ’ಗೂ ಇಂತಹುದೇ ಗತಿಯಾಗಿದೆ. ಸತ್ಯವೇದದಲ್ಲಿ ಅದು ವಾರಸುದಾರನ ಸ್ವತ್ತು. ಆ ಅರ್ಥದ ನೆರಳು ‘ಹಕ್ಕುಬಾಧ್ಯತೆ’ ಎಂಬ ದಸ್ತಾವೇಜಿನ ಮಾತಿನಲ್ಲಿ ಮಾತ್ರ ಉಳಿದಿದೆ. ‘ಭರವಸೆ’ಯೂ ಸುರಕ್ಷಿತವಲ್ಲ: ಇಬ್ರಿಯ 11:1ರಲ್ಲಿ ದೃಢವಾದ ನೆಚ್ಚಿಕೆಯನ್ನು ಸೂಚಿಸುವ ಈ ಪದ ಇಂದು ಈಡೇರಬೇಕಾದ, ಕೆಲವೊಮ್ಮೆ ಈಡೇರದ ಆಶ್ವಾಸನೆಗೆ ಸಲ್ಲುತ್ತಿದೆ.

ಪದ ಮರೆಯಾದರೂ ವ್ಯವಹಾರ ಮರೆಯಾಗಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ನಿವೇಶನಗಳ ಕ್ರಯವಿಕ್ರಯ ಹೆಚ್ಚಿತು. ಕೆಂಪಾಪುರದ ನಿವಾಸಿಗೆ ‘ಟೋಕನ್ ಅಡ್ವಾನ್ಸ್’ ಎಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಹಾಗಿದ್ದರೂ ‘ಅಡ್ವಾನ್ಸ್’ ಎಂಬುದನ್ನು ಪರ್ಯಾಯವಾಗಿ ಸ್ವೀಕರಿಸಲು ತೊಡಕಿದೆ: ಬೆಂಗಳೂರಿನ ಬಾಡಿಗೆ ಮನೆಯ ಅಡ್ವಾನ್ಸ್ ಮನೆ ಬಿಡುವಾಗ ಹಿಂದಿರುಗಿಸಬೇಕಾದ ಹಣ. ಅದು ಸಂಚಕಾರಕ್ಕಿಂತ ಒತ್ತೆಗೆ ಹತ್ತಿರ. ‘ಖಾತರಿ’ ಎಂದರೆ ಭದ್ರತೆಯ ಅರ್ಥ ಬರುತ್ತದೆ, ಭಾಗವನ್ನು ಈಗಲೇ ಪಡೆದಿರುವ ಅರ್ಥ ಹೋಗುತ್ತದೆ. ‘ಮುಂಗಡ’ ಎರಡನ್ನೂ ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಕಳೆದುಕೊಳ್ಳುವುದು ಸತ್ಯಂಕಾರದ ‘ಸತ್ಯ’ವನ್ನು.

7. ಸಮಾರೋಪ

ಧಾರ್ಮಿಕ ಪಠ್ಯದ ಪದಗಳು ಪವಿತ್ರವೆನಿಸಿ ಬದಲಾಗದೆ ಉಳಿಯುತ್ತವೆ. ಅವುಗಳ ಸುತ್ತಲಿನ ಭಾಷೆ ಬದಲಾಗುತ್ತದೆ. ಇವೆರಡರ ನಡುವಿನ ಅಂತರವನ್ನು ಸಭೆಯಲ್ಲಿ ಬೋಧಕರು ವ್ಯಾಖ್ಯಾನದಿಂದ ತುಂಬಬಲ್ಲರು. ಒಂಟಿಯಾಗಿ ಓದುವ ರೋಗಿಗೆ, ವೃದ್ಧರಿಗೆ ಆ ಸಹಾಯವಿರುವುದಿಲ್ಲ. ಅವರ ಪಾಲಿಗೆ ಒಂದು ಅಡಿಟಿಪ್ಪಣಿಯೂ ದೊಡ್ಡ ಉಪಕಾರ. ಸಂಚಕಾರವನ್ನು ತೆಗೆದುಹಾಕಬೇಕೆಂಬುದು ಇದರ ತಾತ್ಪರ್ಯವಲ್ಲ. ಪದವನ್ನು ಉಳಿಸಿಕೊಂಡು ಅರ್ಥವನ್ನು ನೀಡುವ ಕ್ರಮವು ಹಳಗನ್ನಡ ಪಠ್ಯಗಳ ಬೋಧನೆಯಲ್ಲಿ ಕನ್ನಡ ಅಧ್ಯಾಪಕರಿಗೆ ಪರಿಚಿತವಾದುದೇ. ಕನ್ನಡ ಬೈಬಲ್ಲಿನ ಪದಕೋಶವನ್ನು ಕಿಟೆಲ್ ಕೋಶದೊಂದಿಗೂ ಇಂದಿನ ಪತ್ರಿಕಾ ಕನ್ನಡದೊಂದಿಗೂ ಹೋಲಿಸಿ ನೋಡುವ ಕೆಲಸ ಕನ್ನಡ ವಿಭಾಗಗಳಲ್ಲಿ ನಡೆಯಬೇಕಾಗಿದೆ. ಆಡಿದ ಮಾತನ್ನು ಸತ್ಯವನ್ನಾಗಿಸುವುದೆಂಬ ಅರ್ಥದ ಪದವೊಂದು ಕೇಡಿನ ಹೆಸರಾಗಿ ಉಳಿದಿದೆ. ಅದರ ಮೊದಲ ಅರ್ಥ ತಿಳಿದಾಗ ನಿಶ್ಚಯದ ತತ್ತ್ವವನ್ನು ಒಪ್ಪುವವರಿಗೂ ಒಪ್ಪದವರಿಗೂ ವಾದ ಯಾವುದರ ಬಗೆಗೆ ನಡೆದಿದೆಯೆಂಬುದಾದರೂ ಸ್ಪಷ್ಟವಾಗುತ್ತದೆ.