ಸ್ಟೀವ್ ಎಂಬ ಹೆಸರಿನ ಮಹಿಳೆ

ಇಂಗ್ಲೆಂಡಿನ ದೊಡ್ಡ ದೊಡ್ಡ ವ್ಯಾಪಾರ ಸಂಸ್ಥೆಗಳಿಗೆ 1960ರ ದಶಕದ ಆದಿಭಾಗದಲ್ಲಿ ಸ್ಟೆಫನಿ ಶರ್ಲಿ ಎಂಬ ತರುಣಿ ಕಾಗದದ ಮೇಲೆ ಕಾಗದ ಬರೆಯುತ್ತಿದ್ದರು. ಕಂಪ್ಯೂಟರುಗಳಿಗೆ ಬೇಕಾದ ಪ್ರೋಗ್ರಾಂಗಳನ್ನು ತಮ್ಮ ಸಂಸ್ಥೆ ಬರೆದುಕೊಡುವುದೆಂಬುದು ಆ ಪತ್ರಗಳ ಒಕ್ಕಣೆ. ಉತ್ತರ ಮಾತ್ರ ಬರಲಿಲ್ಲ. ಸ್ಟೆಫನಿ ಎನ್ನುವ ಬದಲು ಸ್ಟೀವ್ ಎಂದು ಸಹಿ ಹಾಕಿ ನೋಡಬಾರದೇಕೆಂದು ಪತಿ ಡೆರಿಕ್ ಸೂಚಿಸಿದರು. ಸ್ಟೀವ್ ಎಂಬುದು ಗಂಡಸಿನ ಹೆಸರು. ಒಕ್ಕಣೆ ಅದೇ, ಕೆಲಸವೂ ಅದೇ, ಬದಲಾದದ್ದು ಸಹಿಯೊಂದೇ. ಉತ್ತರಗಳು ಬರತೊಡಗಿದವು! ಸ್ಟೀವ್ ಶರ್ಲಿಯವರ ದಾರಿ ಕಾಯುತ್ತಿದ್ದ ಅಧಿಕಾರಿಗಳು, ಬಂದದ್ದು ಹೆಂಗಸೆಂದು ಅರಿತು ಚೇತರಿಸಿಕೊಳ್ಳುವ ವೇಳೆಗೆ ಆಕೆ ಒಳಗೆ ಬಂದು ಕುಳಿತಾಗಿರುತ್ತಿತ್ತು.

ತಿರಸ್ಕಾರ ಆಕೆಗೆ ಹೊಸದೇನಲ್ಲ. 1933ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿ ಹುಟ್ಟಿದ ಆಕೆಯ ತಂದೆ ಯೆಹೂದಿ ನ್ಯಾಯಾಧೀಶರು. ನಾಜಿಗಳ ಹಾವಳಿಯಿಂದ ಮಕ್ಕಳನ್ನು ಪಾರುಮಾಡುತ್ತಿದ್ದ ರೈಲಿನಲ್ಲಿ, 1939ರಲ್ಲಿ, ಒಂಬತ್ತು ವರ್ಷದ ಅಕ್ಕನ ಕೈ ಹಿಡಿದು ಐದು ವರ್ಷದ ಈ ಬಾಲೆ ಇಂಗ್ಲೆಂಡಿಗೆ ಬಂದಳು. ಸಾಕುತಂದೆತಾಯಿಯರ ಮನೆಯಲ್ಲಿ ಬೆಳೆದು, ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಅಂಚೆ ಇಲಾಖೆಯ ಸಂಶೋಧನಾಲಯದಲ್ಲಿ ಉದ್ಯೋಗ ಹಿಡಿದು, ಸಂಜೆಯ ತರಗತಿಗಳಲ್ಲಿ ಆರು ವರ್ಷ ಓದಿ ಗಣಿತದಲ್ಲಿ ಪದವಿ ಪಡೆದರು. ಮುಂದೆ ಕಂಪ್ಯೂಟರ್ ತಯಾರಿಕೆಯ ಸಂಸ್ಥೆಯೊಂದರ ಸಭೆಯಲ್ಲಿ ಏನೋ ಸಲಹೆ ಕೊಡಹೋದಾಗ, ಅದು ನಿಮಗೆ ಸಂಬಂಧಿಸಿದ ವಿಷಯವಲ್ಲವೆಂಬ ಮಾತು ಬಂದಿತು. ಆಕೆ ರಾಜೀನಾಮೆ ಕೊಟ್ಟರು. 1962ರಲ್ಲಿ ಆರು ಪೌಂಡ್ ಬಂಡವಾಳ ಹೂಡಿ, ತಮ್ಮ ಮನೆಯಲ್ಲಿಯೇ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಸಂಸ್ಥೆಯನ್ನು ತೆರೆದರು. ಸಾಫ್ಟ್‌ವೇರ್ ಎಂಬುದನ್ನು ಕಂಪ್ಯೂಟರಿನ ಜೊತೆಗೆ ಪುಕ್ಕಟೆಯಾಗಿ ಕೊಡುತ್ತಿದ್ದ ಕಾಲವದು. ಅದಕ್ಕೆ ಪ್ರತ್ಯೇಕ ಹಣ ಕೇಳುವವರನ್ನು ಕಂಡು ಜನ ನಕ್ಕರು.

ಈ ಸಂಸ್ಥೆಯ ಸಂದರ್ಶನವೂ ವಿಲಕ್ಷಣವಾದದ್ದೇ. ಪ್ರೋಗ್ರಾಂ ಬರೆಯಲು ಕಲಿತ ಜಾಣೆಯರು ಆಗ ಇಂಗ್ಲೆಂಡಿನಲ್ಲಿ ಇಲ್ಲದಿರಲಿಲ್ಲ. ಆದರೆ ಮದುವೆಯಾದೊಡನೆ, ತಪ್ಪಿದರೆ ಮೊದಲ ಮಗು ಹುಟ್ಟಿದೊಡನೆ, ಕೆಲಸ ಬಿಟ್ಟು ಮನೆ ಸೇರುವುದು ವಾಡಿಕೆ. ಹೀಗೆ ಮನೆ ಸೇರಿದವರನ್ನೇ ಶರ್ಲಿ ಹುಡುಕಿ ಕರೆದರು. ಕೈಗೂಸು ಬೇರೆಡೆ ಅನರ್ಹತೆಯಾದರೆ ಇಲ್ಲಿ ಅಡ್ಡಿಯಾಗಲಿಲ್ಲ. ಇಲ್ಲಿ ಕೇಳುತ್ತಿದ್ದ ಮುಖ್ಯ ಪ್ರಶ್ನೆಗಳಲ್ಲಿ ಒಂದು, ಮನೆಗೆ ಟೆಲಿಫೋನ್ ಸೌಕರ್ಯವುಂಟೇ ಎಂಬುದು. ಮದುವೆ ಯಾವಾಗ, ಮಗು ಯಾವಾಗ ಎಂದು ಸಂದರ್ಶನದಲ್ಲಿ ಸುತ್ತುಬಳಸಿ ಕೇಳುವ ಪದ್ಧತಿ ಇಂದಿಗೂ ಅಳಿದಿಲ್ಲವೆಂಬುದನ್ನು ಉದ್ಯೋಗಸ್ಥ ಹೆಣ್ಣುಮಕ್ಕಳಿರುವ ಮನೆಗಳು ಚೆನ್ನಾಗಿ ಬಲ್ಲವು.

ಆಗ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಳ್ಳುವುದು ಕನಸಿನ ಮಾತು. ಪೆನ್ಸಿಲು ಹಿಡಿದು ಕಾಗದದ ಮೇಲೆ ಪ್ರೋಗ್ರಾಂ ಬರೆಯಬೇಕು. ಅದನ್ನು ಅಂಚೆಗೆ ಹಾಕಬೇಕು. ರಂಧ್ರ ಕೊರೆದ ರಟ್ಟಿನ ಚೀಟಿಗಳ ಮೇಲೆ ಅದು ಮೂಡಿದ ಬಳಿಕ ಬಾಡಿಗೆಯ ಯಂತ್ರದಲ್ಲಿ ಪರೀಕ್ಷೆ. ಒಂದು ತಪ್ಪು ಕಂಡರೆ ಮತ್ತೆ ಮೊದಲಿನಿಂದ. ಇದರ ನಡುವೆ ಗಿರಾಕಿಗಳ ಫೋನು. ತೊಟ್ಟಿಲ ಕೂಸಿನ ಅಳು ಅವರ ಕಿವಿಗೆ ಬಿದ್ದರೆ ಗತಿಯೇನು? ಬೆರಳಚ್ಚು ಯಂತ್ರದ ಟಕಟಕ ಸದ್ದನ್ನು ಶರ್ಲಿ ಧ್ವನಿಸುರುಳಿಯಲ್ಲಿ ಹಿಡಿದಿಟ್ಟರು. ಫೋನು ಬಂದೊಡನೆ ಅದು ಮೊಳಗುವುದು. ಅತ್ತ ಗಿರಾಕಿಗೆ ಮಹಾ ಕಚೇರಿಯೊಂದರ ಗದ್ದಲ ಕೇಳಿಸುವುದು!

ಕೆಲಸದಲ್ಲಿ ಮಾತ್ರ ಇಂಥ ಆಟವಿರಲಿಲ್ಲ. ಕೆಲಸಗಾರರು ಕಣ್ಣಿಗೆ ಕಾಣದಿರುವಲ್ಲಿ ಕೆಲಸದ ಗುಣಮಟ್ಟವಾದರೂ ಕಾಣಬೇಕಷ್ಟೆ? ಅದಕ್ಕಾಗಿ ಬಿಗಿಯಾದ ನಿಯಮಗಳನ್ನು ರೂಪಿಸಿದರು. ಮುಂದೆ ನೇಟೋ ಒಕ್ಕೂಟವೂ ಅವನ್ನು ಅಳವಡಿಸಿಕೊಂಡಿತು. ಶಬ್ದವನ್ನು ಮೀರಿಸುವ ವೇಗದಲ್ಲಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ‘ಕಪ್ಪು ಪೆಟ್ಟಿಗೆ’ಯ ಪ್ರೋಗ್ರಾಂ ಬರೆದವರು ಈ ಗೃಹಿಣಿಯರೇ. ಅವರಲ್ಲೊಬ್ಬರಾದ ಆನ್ ಮಾಫಟ್, ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಅಡುಗೆಮನೆಯ ಮೇಜಿನ ಮೇಲೆ ಬರೆಯುತ್ತ ಕುಳಿತ 1966ರ ಛಾಯಾಚಿತ್ರ ಪ್ರಸಿದ್ಧವಾಗಿದೆ. 2020ರಲ್ಲಿ ಬೆಂಗಳೂರಿನ ಮನೆಮನೆಗಳಲ್ಲಿ ಊಟದ ಮೇಜೇ ಕಚೇರಿಯಾದಾಗ ಹೊಚ್ಚಹೊಸದೆಂದು ತೋರಿದ ಏರ್ಪಾಡಿಗೆ ಐವತ್ತು ವರ್ಷಕ್ಕೂ ಮಿಗಿಲಾದ ವಯಸ್ಸು.

ಮೊದಲ 300 ಮಂದಿ ನೌಕರರಲ್ಲಿ ಗಂಡಸರು ಬೆರಳೆಣಿಕೆಯವರು. ಸ್ತ್ರೀಪುರುಷರಲ್ಲಿ ತಾರತಮ್ಯ ಮಾಡಕೂಡದೆಂಬ ಕಾಯಿದೆ 1975ರಲ್ಲಿ ಬ್ರಿಟನ್ನಿನಲ್ಲಿ ಜಾರಿಗೆ ಬಂದಿತು. ಹೆಂಗಸರ ಹಿತಕ್ಕೆಂದು ಬಂದ ಕಾನೂನಿನ ಪ್ರಕಾರ ಹೆಂಗಸರದೇ ಆದ ಈ ಸಂಸ್ಥೆ ಗಂಡಸರಿಗೆ ಬಾಗಿಲು ತೆರೆಯಬೇಕಾಯಿತು!

ಇಷ್ಟೆಲ್ಲ ನಡೆಯುತ್ತಿದ್ದಾಗ ಶರ್ಲಿಯವರ ಮನೆಯಲ್ಲೇ ಒಂದು ದುಃಖ ನೆಲೆಯೂರಿತ್ತು. 1963ರಲ್ಲಿ ಹುಟ್ಟಿದ ಒಬ್ಬನೇ ಮಗ ಗೈಲ್ಸ್, ಎರಡೂವರೆ ವರ್ಷದ ಸುಮಾರಿಗೆ, ಕಲಿತಿದ್ದ ನಾಲ್ಕು ಮಾತನ್ನೂ ಮರೆತ. ಆಟಿಸಂ ಎಂದರು ವೈದ್ಯರು. ಇತರ ತಾಯಂದಿರಿಗೆ ಮನೆಯಲ್ಲೇ ದುಡಿಯುವ ದಾರಿ ತೋರಿದಾಕೆ, ಬೆಳೆದ ಮಗನನ್ನು ಮನೆಯಲ್ಲಿ ಹಿಡಿದಿಡಲಾರದೆ, ಅವನ ಹದಿಮೂರನೆಯ ವಯಸ್ಸಿನ ಹೊತ್ತಿಗೆ ಆಸ್ಪತ್ರೆಗೆ ಒಪ್ಪಿಸಬೇಕಾಯಿತು. ತಾವೂ ಕುಸಿದು ಚಿಕಿತ್ಸೆ ಪಡೆದರು. ಎದ್ದು ಮತ್ತೆ ಕೆಲಸಕ್ಕೆ ಬಂದರು.

ಸಂಸ್ಥೆ ಬೆಳೆದು ಒಂದು ಕಾಲಕ್ಕೆ 8,500 ಮಂದಿಗೆ ಉದ್ಯೋಗ ಕೊಟ್ಟಿತು. ತಮ್ಮ ಪಾಲನ್ನು ಕಡಿಮೆ ಮಾಡಿಕೊಂಡು ಕಾಲುಭಾಗದಷ್ಟು ಒಡೆತನವನ್ನು ಆಕೆ ನೌಕರರ ಕೈಗಿತ್ತುದರಿಂದ, ಅವರಲ್ಲಿ 70 ಮಂದಿ ಲಕ್ಷಾಧೀಶರಲ್ಲ, ದಶಲಕ್ಷ ಪೌಂಡುಗಳ ಒಡೆಯರೇ ಆದರು. 2000ದಲ್ಲಿ ಬ್ರಿಟನ್ ಆಕೆಗೆ ‘ಡೇಮ್’ ಬಿರುದನ್ನಿತ್ತಿತು. 2025ರ ಆಗಸ್ಟಿನಲ್ಲಿ, 91ರ ಇಳಿವಯಸ್ಸಿನಲ್ಲಿ, ಆಕೆ ನಿಧನರಾದರು.

1993ರಲ್ಲಿ ನಿವೃತ್ತರಾದ ಬಳಿಕ ಆಕೆ ಸಂಪತ್ತಿನ ಬಹುಭಾಗವನ್ನು ದಾನಮಾಡಿದರು. ಆಟಿಸಂ ಇರುವ ಮಕ್ಕಳಿಗಾಗಿ ಆಕೆ ಕಟ್ಟಿಸಿದ ಪ್ರಯರ್ಸ್ ಕೋರ್ಟ್ ಶಾಲೆ 1999ರಲ್ಲಿ ತೆರೆಯಿತು. ಗೈಲ್ಸ್ ಅದಕ್ಕೆ ಒಂದು ವರ್ಷ ಮೊದಲೇ, ತನ್ನ 35ನೆಯ ವಯಸ್ಸಿನಲ್ಲಿ, ತೀರಿಕೊಂಡಿದ್ದ.